ಬೇಗೂರಿನ ಕಲ್ಲಿನ ಎದೆಬಡಿತ

ನಿಶ್ಶಬ್ದದ ವಿಷಯದಲ್ಲಿ ನಾನು ತಜ್ಞ. ಹೀಗೆಂದು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಒಂದು ಕಾರ್ಖಾನೆಯೋ ಕಲ್ಯಾಣಮಂಟಪವೋ ಬರುವ ಮೊದಲು ಆ ಜಾಗ ಈಗ ಎಷ್ಟು ಸದ್ದು ಮಾಡುತ್ತಿದೆ, ನೆಲ ಎಷ್ಟು ಅದುರುತ್ತಿದೆ ಎಂದು ಅಳೆದು ವರದಿ ಕೊಡುವುದು ನನ್ನ ಕಸುಬು. ನಮ್ಮ ಚಾಮರಾಜನಗರದಲ್ಲಿ ಈ ಕೆಲಸ ಮಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದ್ದರಿಂದ ನನಗಿಂತ ಚೆನ್ನಾಗಿ ಮಾಡುವವರು ಇಲ್ಲಿ ಯಾರೂ ಇಲ್ಲ!

ಬೇಗೂರಿನ ಹತ್ತಿರ ಒಬ್ಬ ವ್ಯಾಪಾರಿ ಅರಿಶಿನ ಪಾಲಿಷ್ ಮಾಡುವ ಮಿಲ್ಲು ಹಾಕಲು ಹೊರಟಿದ್ದ. ಒಣಗಿದ ಅರಿಶಿನದ ಕೊಂಬನ್ನು ದೊಡ್ಡ ಕಬ್ಬಿಣದ ಡ್ರಮ್ಮಿಗೆ ಹಾಕಿ, ಸಿಪ್ಪೆ ಹೋಗುವವರೆಗೆ ದಡದಡ ತಿರುಗಿಸುವುದು. ಪಕ್ಕದ ಹೊಲದ ಮಾದಪ್ಪ ತಕರಾರು ತೆಗೆದಿದ್ದ. ಜಾಗವನ್ನು ಅಳೆಯಲು ನನ್ನನ್ನು ಕರೆದಿದ್ದರು.

"ಮೇಣ ತಗೊಂಡ್ರಾ?" ಹೊರಡುವಾಗ ಹೆಂಡತಿ ಸುಧಾ ಕೇಳಿದಳು. ಅದುರುವಿಕೆ ಹಿಡಿಯುವ ಸೆನ್ಸರನ್ನು ನೆಲಕ್ಕೆ ಅಂಟಿಸಲು ಮೇಣ ಬೇಕು.

"ನನಗೇ ಹೇಳಿಕೊಡ್ತೀಯಾ?" ಎಂದು ಬಾಗಿಲ ಬಳಿಯಿದ್ದ ಡಬ್ಬಿಯನ್ನು ಗಂಭೀರವಾಗಿ ಎತ್ತಿಕೊಂಡು ನಡೆದೆ.

ಹೊಲದಲ್ಲಿ ಡಬ್ಬಿ ತೆಗೆದರೆ ಹುಚ್ಚೆಳ್ಳು ಚಟ್ನಿಪುಡಿ!

ಪರವಾಗಿಲ್ಲ, ಅನುಭವಿಗೆ ಮೇಣ ಯಾಕೆ? ಮಾದಪ್ಪನ ಅರಿಶಿನದ ಹೊಲದ ಮಣ್ಣು ಸಡಿಲವಾಗಿತ್ತು, ಗಟ್ಟಿ ಜಾಗ ಬೇಕಿತ್ತು. ಮಿಲ್ಲಿನ ಜಾಗಕ್ಕೆ ತಾಗಿದ ಬದುವಿನಲ್ಲಿ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ಕಲ್ಲು ಕಂಡಿತು. ಪಕ್ಕದಲ್ಲಿ ಕೂರಲು ಹುಲ್ಲು ಕೆತ್ತಿ ಚೊಕ್ಕಟ ಮಾಡಿದ ಜಾಗವೂ ಇತ್ತು. ನನಗಾಗಿಯೇ ಮಾಡಿಸಿಟ್ಟ ಹಾಗಿತ್ತು. ಕೂತೆ. ಸೆನ್ಸರನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದೆ. ಸದ್ದು ಅಳೆಯುವ ಮೀಟರನ್ನು ಆಗಲೇ ಬದುವಿನ ಮೇಲೆ ಮೂರುಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದ್ದೆ.

"ಪಂಪು ನಿಲ್ಸಿ. ನಾಯೀನ ಕಟ್ಟಿ. ಒಬ್ಬರೂ ಹತ್ತಿರ ಬರಬಾರದು," ಎಂದು ಆಜ್ಞೆ ಮಾಡಿದೆ.

"ಸಾ, ಆ ಕಲ್ಲು..." ಎಂದ ಮಾದಪ್ಪ.

"ಮಾತೂ ಸದ್ದೇ ಕಣ್ರೀ!" ಎಂದು ತುಟಿಯ ಮೇಲೆ ಬೆರಳಿಟ್ಟೆ. ಪಾಪ, ಬಾಯಿ ಮುಚ್ಚಿಕೊಂಡು ಹೋದ.

ಮೋಡ ಮುಚ್ಚಿದ ಮಧ್ಯಾಹ್ನ. ಪಂಪು ನಿಂತ ಮೇಲೆ ಹೊಲದಲ್ಲಿ ಏನೋ ಬದಲಾಯಿತು. ಅರಿಶಿನದ ಎಲೆ ಒಂದೂ ಅಲುಗಲಿಲ್ಲ. ಹೊಂಗೆಮರದಲ್ಲಿ ಕೂತಿದ್ದ ಹಕ್ಕಿಗಳು ಕೂಗು ನಿಲ್ಲಿಸಿದವು, ಆದರೆ ಹಾರಿಹೋಗಲಿಲ್ಲ. ಕೂತು ನನ್ನ ಕಡೆಯೇ ನೋಡುತ್ತಿದ್ದವು. ನಾನು ಬಯಸಿದ ನಿಶ್ಶಬ್ದವೇ ಅದು. ಬಯಸಿದ್ದು ಸಿಕ್ಕಿದಾಗ ಬೆನ್ನು ಯಾಕೆ ತಣ್ಣಗಾಯಿತೋ ತಿಳಿಯಲಿಲ್ಲ. ಸೆನ್ಸರು ಹಿಡಿದದ್ದನ್ನು ದಾಖಲಿಸುವ ಯಂತ್ರಕ್ಕೆ ವೈರು ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡೆ.

ಧಬ್... ಧಬ್.

ಹೆಡ್‌ಫೋನ್ ತೆಗೆದೆ. ಹೊಲ ಸುಮ್ಮನಿತ್ತು. ಮತ್ತೆ ಹಾಕಿದೆ.

ಧಬ್... ಧಬ್... ಧಬ್.

ಸದ್ದು ಕಲ್ಲಿನೊಳಗಿಂದ ಬರುತ್ತಿತ್ತು. ದೂರದ ಲಾರಿಯಲ್ಲ, ಯಂತ್ರವೂ ಅಲ್ಲ. ಯಂತ್ರಕ್ಕೆ ಒಂದೇ ತಾಳ ಇರುತ್ತದೆ. ಇದು ನನ್ನನ್ನು ಗಮನಿಸುತ್ತಿತ್ತು! ನಾನು ಉಸಿರು ಹಿಡಿದರೆ ಭಾರವಾಗಿ ಬಡಿಯುತ್ತಿತ್ತು. ದಿಗಿಲಾದರೆ ಬೇಗಬೇಗ ಬಡಿಯುತ್ತಿತ್ತು. ಕೆಳಗಿರುವುದಕ್ಕೆ ನನ್ನ ಮನಸ್ಸು ತಿಳಿಯುತ್ತಿದೆ ಎಂದುಕೊಂಡಾಗ ಅಂಗೈ ಬೆವತು ಕಲ್ಲಿಗೆ ಅಂಟಿದಂತಾಯಿತು. ಮೇಣವೇ ಬೇಕಾಗಿರಲಿಲ್ಲ!

"ಯಾಕಪ್ಪ, ಎಜಮಾನ್ರ ಮ್ಯಾಲೆ ಕೈ ಮಡಿಕಂಡಿದ್ದೀಯೆ?"

ತಲೆಯೆತ್ತಿದೆ. ಮರದ ಬುಡದಲ್ಲಿ ಒಬ್ಬ ಮುದುಕಿ ನಿಂತಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮಜ್ಜಿಗೆ ಚೊಂಬು. ಬಂದ ಸದ್ದೇ ಆಗಿರಲಿಲ್ಲ.

"ಯಾ... ಯಾವ ಎಜಮಾನ್ರು?"

"ನನ್ ಗಂಡ ಕಣಪ್ಪ. ಅದ್ರ ಕೆಳಗೆ ಕುಂತವ್ರೆ."

ವಿಭೂತಿ ಹಚ್ಚುವ ಇವರ ಜನರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅಂದರೆ ನನ್ನ ಅಂಗೈಯ ಕೆಳಗೆ, ಒಂದಷ್ಟು ಮಣ್ಣಿನಾಚೆ, ಒಬ್ಬರು ನೆಟ್ಟಗೆ ಕೂತಿದ್ದಾರೆ. ಕಿವಿಯಲ್ಲಿ ಧಬ್‌ಧಬ್ ಎನ್ನುತ್ತಿದ್ದದ್ದು ಧಡಧಡಧಡ ಎಂದಿತು!

ತಜ್ಞನಾದ ನಾನು ಬೊಬ್ಬೆ ಹೊಡೆದೆ. ಎದ್ದೆ, ಓಡಿದೆ. ಹೆಡ್‌ಫೋನ್ ಕಿವಿಯಲ್ಲೇ ಇದ್ದುದರಿಂದ ವೈರಿನ ಜೊತೆ ಸೆನ್ಸರೂ ಯಂತ್ರವೂ ಹಿಂದೆ ಎದ್ದುಬಂದವು. ಯಾರೋ ಬೆನ್ನಟ್ಟುತ್ತಿದ್ದಾರೆಂದು ಇನ್ನೂ ಜೋರಾಗಿ ಓಡಿ ನೀರುಗಾಲುವೆಗೆ ಬಿದ್ದೆ.

ಬೊಬ್ಬೆಗೆ ಮಾದಪ್ಪ ಓಡಿಬಂದ. ಮಿಲ್ಲಿನ ವ್ಯಾಪಾರಿಯೂ ಬೈಕು ನಿಲ್ಲಿಸಿ ಬಂದ. ಯಂತ್ರದಲ್ಲಿ ದಾಖಲಾದ ಗೆರೆಗಳನ್ನು ನೋಡಿದವನ ಮುಖ ಅರಳಿತು.

"ಜಾಗ ಮೊದ್ಲೇ ಇಷ್ಟು ಅದುರ್ತಾ ಅದೆ ಅಂದ್ಮೇಲೆ ನಮ್ ಡ್ರಮ್ಮು ಯಾವ ಲೆಕ್ಕ ಸಾರ್? ಇದ್ನೇ ಬರ್ದುಬುಡಿ!"

ಅವನು ಹೇಳಿದ್ದು ನಿಜ. ಈ ಗೆರೆಗಳು ವರದಿಗೆ ಹೋದರೆ ಡ್ರಮ್ಮು ಈ ಕಲ್ಲಿನ ಪಕ್ಕಕ್ಕೇ ಬರುತ್ತದೆ. ಮುದುಕಿ, ಅಂದರೆ ಮಾದಪ್ಪನ ತಾಯಿ ಗೌರಮ್ಮ, ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಎಜಮಾನ್ರು ಬದುಕಿದ್ದಾಗ ಒಂದ್ ಮಾತೂ ಜೋರಾಗಿ ಆಡ್ದೋರಲ್ಲ ಕಣ್ ಮಗ. ನಾಳೆ ನಾನೂ ಅವ್ರ ಪಕ್ಕದಲ್ಲೇ ಕೂರ್ಬೇಕು. ಹಗಲೂ ರಾತ್ರೆ ದಡದಡ ಅಂತಿದ್ರೆ ಎಂಗಪ್ಪ ಕೂರದು?"

ನನಗೆ ನಾಚಿಕೆಯೂ ಆಯಿತು, ಭಯವೂ ಉಳಿದಿತ್ತು. ಆದರೂ ಒದ್ದೆ ಪ್ಯಾಂಟಿನಲ್ಲೇ ವಾಪಸು ಹೋಗಿ, ಅಜ್ಜಿಯನ್ನು ಕೇಳಿಕೊಂಡು ಸೆನ್ಸರನ್ನು ಮತ್ತೆ ಇಟ್ಟೆ. ಅಂಗೈ ಒತ್ತಿದ ಕೂಡಲೇ ಧಡಧಡ ಶುರು! ಇನ್ನು ಒತ್ತಿ ಹಿಡಿಯುವ ಧೈರ್ಯ ಸಾಲದೆ, "ಒಂದು ನಿಮಿಷ ನೀವು ಹಿಡ್ಕೊಳ್ಳಿ" ಎಂದು ಮಾದಪ್ಪನಿಗೆ ಕೊಟ್ಟೆ.

ಬಡಿತ ನಿಧಾನವಾಯಿತು. ಉಂಡು ಮಲಗಿದವನ ಎದೆಯಂತೆ ನೆಮ್ಮದಿಯಾಗಿ ಧಬ್... ಧಬ್... ಎನ್ನುತ್ತಿತ್ತು. ಕಲ್ಲು ಅದೇ, ಯಂತ್ರ ಅದೇ, ಬದಲಾದದ್ದು ಕೈ ಮಾತ್ರ! ಅನುಮಾನ ಬಂದು ಅವನ ಕೈ ತೆಗೆಸಿದೆ. ಏನೂ ಇಲ್ಲ. ಕಲ್ಲಿನ ಕೆಳಗೆ ಪೂರ್ತಿ ಮೌನ.

ಅಂಗೈಯ ಮೂಲಕ ನಾನು ಅಳೆದದ್ದು ನನ್ನದೇ ಎದೆಬಡಿತವನ್ನು! ಅದನ್ನು ಕೇಳಿ ಹೆದರಿದೆ, ಹೆದರಿದ್ದಕ್ಕೆ ಅದು ಜೋರಾಯಿತು, ಜೋರಾಯಿತೆಂದು ಇನ್ನೂ ಹೆದರಿದೆ. ವ್ಯಾಪಾರಿ ಬೈಕು ಹತ್ತಿ ಹೋದ.

ಮರುದಿನ ಮೇಣ ತಂದೆ. ಈ ಸಲ ಡಬ್ಬಿಯನ್ನು ಸುಧಾ ತಾನೇ ತೆರೆದು ತೋರಿಸಿ ಕಳಿಸಿದಳು. ಅಂಟಿಸಿ ದೂರ ನಿಂತೆ. ಗೆರೆ ಚೂರೂ ಕದಲಲಿಲ್ಲ. ಜಾಗ ಅತ್ಯಂತ ಶಾಂತವಾಗಿದೆ, ಡ್ರಮ್ಮನ್ನು ನಿವೇಶನದ ಆಚೆ ತುದಿಗೆ ಹಾಕತಕ್ಕದ್ದು ಎಂದು ಬರೆದೆ. ವ್ಯಾಪಾರಿ ಗೊಣಗಿಕೊಂಡು ಒಪ್ಪಿದ. ವರದಿಯಲ್ಲಿ ಇನ್ನೊಂದು ಸಾಲನ್ನೂ ಪ್ರಾಮಾಣಿಕವಾಗಿ ಬರೆಯಬೇಕಾಯಿತು. ಬದುವಿನ ಮೀಟರು ಹಿಂದಿನ ದಿನ ಸುಮ್ಮನಿರಲಿಲ್ಲ, ನನ್ನ ಬೊಬ್ಬೆಯನ್ನೂ ಬರೆದಿಟ್ಟುಕೊಂಡಿತ್ತು: "ಸ್ಥಳದಲ್ಲಿ ದಾಖಲಾದ ಅತ್ಯಧಿಕ ಶಬ್ದದ ಮೂಲ: ಪರಿಶೀಲನೆಗೆ ಬಂದ ತಜ್ಞರು."

ಹೊರಡುವ ಮುಂಚೆ ಗೌರಮ್ಮ ಹೆಡ್‌ಫೋನ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು. ಎಷ್ಟೋ ಹೊತ್ತು ತೆಗೆಯಲೇ ಇಲ್ಲ.

"ಏನಾದ್ರೂ ಕೇಳಿಸ್ತಾ ಅಜ್ಜಿ?" ಎಂದು ಕೇಳಿದೆ.

"ಇಲ್ಲ ಕಣಪ್ಪ. ಸುಮ್ನೆ ಕುಂತವ್ರೆ." ಹೆಡ್‌ಫೋನ್ ಕೊಟ್ಟು, ಹುಲ್ಲು ಕೆತ್ತಿದ ಆ ಚೊಕ್ಕಟ ಜಾಗವನ್ನು ತೋರಿಸಿದರು. "ನಿನ್ನೆ ನೀನು ಕುಂತಿದ್ಯಲ್ಲ, ಅದು ನಂಗೆ ಅಂತ ಮಡಗಿರದು. ಒಸಿ ಹೊತ್ತು ಕೂರಕಾಗ್ದೆ ಎದ್ದು ಓಡೋದ್ಯಲ್ಲ ಮಗ. ನಾನು ಹಂಗೆ ಓಡಕ್ಕಾದದಾ?"

ನಿಶ್ಶಬ್ದದ ತಜ್ಞ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ.