ಒಂದು ಲೋಡ್ ಜಲ್ಲಿ, ಬೀದಿಗೆಲ್ಲ ಕೆಲಸ

ಮನೆ ಮುಂದೆ ಒಂದು ಲೋಡ್ ಜಲ್ಲಿ ಬಿದ್ದರೆ ಸಾಕು, ಬೀದಿಯವರಿಗೆಲ್ಲ ಬಾಕಿ ಉಳಿದ ಕೆಲಸ ನೆನಪಾಗುತ್ತದೆ. ಚಿಕ್ಕಲಸಂದ್ರದಲ್ಲಿ ತಾರಸಿ ಮೇಲೊಂದು ರೂಮು ಕಟ್ಟಿಸುತ್ತಿದ್ದೆ. ಭಾನುವಾರ ಮೋಲ್ಡ್, ಅಂದರೆ ಛಾವಣಿಗೆ ಕಾಂಕ್ರೀಟ್ ಹಾಕುವ ದಿನ. ಮೇಸ್ತ್ರಿ ಲೆಕ್ಕ ಹಾಕಿ ಜಲ್ಲಿ ತರಿಸಿದ್ದ.

"ಮೋಲ್ಡು ಅರ್ಧಕ್ಕೆ ನಿಂತ್ರೆ ಮುಗೀತು ಸಾರ್. ಸೇರಿಸಿದ ಕಡೆ ಜನ್ಮಪೂರ್ತಿ ಸೋರುತ್ತೆ" ಎಂದಿದ್ದ.

ಕಾವಲು ನನ್ನದು.

೧. ಕುಂಡ

ಎದುರು ಮನೆಯಾಕೆ ಬಂದರು.

"ಅಂಕಲ್, ಕುಂಡದ ತಳಕ್ಕೆ ಸ್ವಲ್ಪ ಜಲ್ಲಿ ತಗೊಳ್ಲಾ? ನೀರು ನಿಲ್ಲಬಾರದು ನೋಡಿ. ಒಂದು ಕುಂಡಕ್ಕೆ ಎರಡೇ ಹಿಡಿ."

"ಹ್ಞೂಂ" ಎಂದೆ.

ಆಕೆ ಸುಳ್ಳು ಹೇಳಲಿಲ್ಲ. ಕುಂಡಕ್ಕೆ ಎರಡೇ ಹಿಡಿ. ಸಂಜೆ ತನಕ ಹೊತ್ತರು.

೨. ದೇಹ

ಪಕ್ಕದ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಹುಡುಗ ಬಾಡಿಗೆಗಿದ್ದಾನೆ. ಎರಡು ಖಾಲಿ ಡಬ್ಬಿ ಹಿಡಿದು ಬಂದ.

"ಅಜ್ಜಾರ, ಜಿಮ್ ಭಾಳ ದೂರ ಆಗ್ತೈತ್ರಿ. ಇವನ್ನ ತುಂಬ್ಕೋತೀನ್ರಿ, ಎತ್ತಾಕ."

"ವಾಪಸ್ ಕೊಡ್ತೀಯಾ?"

"ದೇಹ ಬಂದಮ್ಯಾಗ ಕೊಡ್ತೀನ್ರಿ."

ಮೂರನೇ ದಿನ, ತೂಕ ಸಾಲದು ಅಂತ ಎರಡು ದೊಡ್ಡ ಪೇಂಟ್ ಬಕೆಟ್ ತಂದ. ದೇಹ ಇನ್ನೂ ಬಂದಿಲ್ಲ. ಜಲ್ಲಿಯೂ ಬಂದಿಲ್ಲ.

೩. ಮಂಡಿ

ಮೂಲೆ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಮಂಡಿನೋವು. ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದರೆ ವಾಸಿ ಅಂತ ಪಾರ್ಕಿನಲ್ಲಿ ಯಾರೋ ಹೇಳಿದರಂತೆ. ನಾಲ್ಕು ಚೀಲ ಹೊರಿಸಿಕೊಂಡು ಹೋಗಿ ಅಂಗಳದಲ್ಲಿ ಹರಡಿಸಿದರು.

"ಅದಕ್ಕೆ ಹೊಳೆಯ ನುಣುಪು ಕಲ್ಲು ಬೇಕು. ಇದು ಒಡೆದ ಜಲ್ಲಿ" ಎಂದೆ.

"ಚುಚ್ಚಿದಷ್ಟೂ ಒಳ್ಳೇದು ಕಣ್ರೀ."

ಮರುದಿನ ಮಂಡಿ ಹೇಗಿದೆ ಎಂದೆ. ಮಂಚದ ಮೇಲಿಂದಲೇ ಹೇಳಿದರು: "ಪಾದದ ನೋವಲ್ಲಿ ಮಂಡಿ ಇರೋದೇ ಮರೆತುಹೋಗಿದೆ."

೪. ಹಿಂದಿನ ಕ್ರಾಸ್

ಶನಿವಾರ ಮೇಸ್ತ್ರಿ ಬಂದು ಗುಡ್ಡೆ ನೋಡಿದ. ನನ್ನನ್ನೂ ನೋಡಿದ.

"ಹದಿನೈದು ಬಾಂಡ್ಲಿ ಕಮ್ಮಿ ಸಾರ್. ಇವತ್ತು ಲಾರಿ ಸಿಗಲ್ಲ. ನಾಳೆ ಮಿಷಿನ್ ಬರುತ್ತೆ, ಹನ್ನೆರಡು ಜನ ಆಳು ಬರ್ತಾರೆ."

ನನ್ನ ಹೆಂಡತಿ ಸ್ಕೂಟರ್ ಕೀಲಿ ತಂದು ಕೈಗಿಟ್ಟಳು. ಜೊತೆಗೆ ಎರಡು ಖಾಲಿ ಚೀಲ.

"ಊರಿಗೆಲ್ಲ ಹ್ಞೂಂ ಅಂದ್ರಲ್ಲ. ಈಗ ನೀವೂ ಹೋಗಿ ಯಾರನ್ನಾದ್ರೂ ಕೇಳಿ."

ಹಿಂದಿನ ಕ್ರಾಸಿನಲ್ಲಿ ಒಂದು ಮನೆ ಮುಂದೆ ಸಣ್ಣ ಗುಡ್ಡೆ ಇತ್ತು. ಗೇಟಿನಲ್ಲಿ ಬನಿಯನ್ ಹಾಕಿದವನೊಬ್ಬ ಹಲ್ಲುಜ್ಜುತ್ತಿದ್ದ. ಅವನನ್ನು ನಾನು ನೋಡಿರಲಿಲ್ಲ. ಅವನೂ ನನ್ನನ್ನು ನೋಡಿದ ಹಾಗಿರಲಿಲ್ಲ.

"ಹದಿನೈದು ಬಾಂಡ್ಲಿ ಜಲ್ಲಿ ಬೇಕಿತ್ತು" ಎಂದೆ.

"ಅಷ್ಟೂ ತಗೊಂಡು ಹೋಗಿ ಅಂಕಲ್. ನಮ್ಮ ಸಂಪು ರಿಪೇರಿ ಮುಗೀತು."

ಚೀಲ ತುಂಬಲು ಅವನೇ ಕೈ ಹಾಕಿದ. ಒಳ್ಳೆಯ ಮನುಷ್ಯ. ದುಡ್ಡು ತೆಗೆದೆ.

"ಅಯ್ಯೋ, ಬೇಡಿ. ನಾನೇನು ಕೊಂಡಿದ್ದಾ?" ದನಿ ತಗ್ಗಿಸಿದ. "ಮುಂದಿನ ಕ್ರಾಸಲ್ಲಿ ಒಬ್ಬ ಮುದುಕ ಮೋಲ್ಡಿಗೆ ಅಂತ ಹಾಕಿಸ್ಕೊಂಡಿದಾನೆ. ಮಧ್ಯಾಹ್ನ ಎರಡರಿಂದ ನಾಲ್ಕು ಗೊರಕೆ. ನಾನು ಒಂದು ವಾರ ಹೊತ್ತೆ, ಎದ್ದೇ ಇಲ್ಲ. ಸಾಲದೆ ಬಂದ್ರೆ ಹೇಳಿ ಅಂಕಲ್, ಮನೆ ತೋರಿಸ್ತೀನಿ."

"ದಾರಿ ಗೊತ್ತು" ಎಂದೆ.