ಒಂದಿಂಚು ಕರುಳಿನ ಸಂಶೋಧನೆ

ಆಡಿನ ಕರುಳಿನ ಬೆನ್ನು ಹತ್ತಿದವನಿಗೆ ಮರ್ಯಾದೆಯಿಂದ ಬದುಕುವುದು ಕಷ್ಟ; ಅದರಲ್ಲೂ ಅವನು ಸಿದ್ದಾಪುರದ ಭಟ್ಟರ ಮನೆಯವನಾದರೆ ಮುಗಿದೇ ಹೋಯಿತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಶುವೈದ್ಯಕೀಯ ಓದುತ್ತಿದ್ದೆ. ಆಡಿನ ಕರುಳಿನ ಒಳಪದರ ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆ ಎಂದು ಪ್ರಬಂಧ ಬರೆಯಬೇಕಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಗೊತ್ತಾದರೆ ಆಯಿ, ಅಂದರೆ ನನ್ನ ಅಮ್ಮ, ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ. ನಾನೋ ಅವಳು ಮಜ್ಜಿಗೆಯಲ್ಲಿ ಕಲಸುವ ತಂಬುಳಿ ಇಲ್ಲದೆ ಬದುಕುವವನಲ್ಲ.

೧. ಭಾನುವಾರದ ಸಾಲು

ಆಡು ಕೊಯ್ದ ಕೂಡಲೇ ಕರುಳನ್ನು ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣದಲ್ಲಿ ಮುಳುಗಿಸಬೇಕು, ತಡವಾದರೆ ಒಳಪದರ ಕೆಟ್ಟುಹೋಗುತ್ತದೆ. ಹಾಗಾಗಿ ರಜೆಗೆ ಊರಿಗೆ ಹೊರಟ ಆ ಭಾನುವಾರ ಬೆಳಗ್ಗೆ ಶಿರಸಿಯ ಮಟನ್ ಅಂಗಡಿಯಲ್ಲಿ ಎಲ್ಲರಿಗಿಂತ ಮುಂದೆ ನಾನೇ.

"ಎಷ್ಟು ಕೊಡ್ಲಿ?"

"ಒಂದಿಂಚು ಕರುಳು."

ಅಂಗಡಿಯವನು ಕತ್ತಿ ಕೆಳಗಿಟ್ಟ. "ಒಂದಿಂಚಾ? ಮನ್ಯಾಗ ಬೆಕ್ಕು ಉಪವಾಸ ಐತೇನ್ರಿ?"

ಹಿಂದೆ ಯಾರೋ ಕೆಮ್ಮಿದರು. ಮಫ್ಲರಿನಲ್ಲಿ ಮುಖ ಮುಚ್ಚಿ, ಸ್ಟೀಲ್ ಡಬ್ಬಿ ಹಿಡಿದು ನಿಂತವನು ಯಲ್ಲಾಪುರದ ನನ್ನ ಸೋದರಮಾವ! ಊರಿಗೆಲ್ಲ ಮಡಿ ಕಲಿಸುವವನು, ಈರುಳ್ಳಿ ಕಂಡರೂ ಮೂಗು ಮುಚ್ಚುವವನು.

"ತಮಾ, ನೀ ಇಲ್ಲೆಂತ ಮಾಡ್ತೆ?"

"ಸಂಶೋಧನೆಗೆ ಬೈಂದಿ ಮಾವ. ನೀನು?"

ಮಾವ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. "ಆನೂ ಅದ್ಕೇಯ."

ಯಾರೂ ಯಾರನ್ನೂ ನೋಡಿಲ್ಲ ಎಂದು ಅಲ್ಲೇ ಒಪ್ಪಂದವಾಯಿತು.

೨. ಅಳುವ ಬಸ್ಸು

ಸಿದ್ದಾಪುರದ ಬಸ್ಸಿನಲ್ಲಿ ನನ್ನ ಫಾರ್ಮಾಲಿನ್ ಬಾಟಲಿಯ ಮುಚ್ಚಳ ಸಡಿಲವಾಯಿತು. ಘಾಟು ಎಂದರೆ ಘಾಟು! ಮೊದಲು ನನ್ನ ಕಣ್ಣಲ್ಲಿ ನೀರು, ಆಮೇಲೆ ಹಿಂದಿನ ಸೀಟು, ಆಮೇಲೆ ಕಂಡಕ್ಟರು. ಪಕ್ಕದಲ್ಲಿದ್ದ ನಮ್ಮೂರ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರು ಹೋದದ್ದೋ ತಮಾ?" ಎಂದಳು.

ಕೆಮ್ಮಿನ ನಡುವೆ ನಿಜ ಹೊರಬಿತ್ತು. "ಒಂದು ಆಡು, ಅಜ್ಜಿ."

"ಅಯ್ಯೋ ಪಾಪ! ಮನೇಲಿ ಸಾಕಿದ್ದಾಗಿತ್ತಾ?"

"ಅಲ್ಲ, ಮಟನ್ ಅಂಗಡೀದು."

ಅಜ್ಜಿಯ ಅಳು ಅಲ್ಲಿಗೇ ನಿಂತಿತು.

೩. ವಿಚಾರಣೆ

ನಾನು ಮನೆ ಸೇರುವಷ್ಟರಲ್ಲಿ ಅಜ್ಜಿ ಸುದ್ದಿ ಮುಟ್ಟಿಸಿಯಾಗಿತ್ತು. ಆಯಿ ನನ್ನ ಬಾಳೆಲೆಯನ್ನು ಜಗಲಿಗೆ ಹಾಕಿದಳು. "ಆನು ತಿಂದಿದ್ನಿಲ್ಲೆ ಆಯಿ" ಎಂದರೆ ನಂಬುವವರು ಯಾರು? ಮುಂದಿನ ರಜೆಗೆ ಸೂಕ್ಷ್ಮದರ್ಶಕವನ್ನೂ, ಬಣ್ಣ ಹಾಕಿದ ಕರುಳಿನ ಸ್ಲೈಡುಗಳನ್ನೂ ಸಾಕ್ಷಿಗೆ ಹೊತ್ತು ತಂದೆ. ನ್ಯಾಯ ಹೇಳಲು ಆಯಿ ಕರೆಸಿದ್ದು ಯಾರನ್ನು? ಮಾವನನ್ನು!

ಮಾವ ವಿಭೂತಿ ಬಳಿದು ಗಂಭೀರವಾಗಿ ಕೂತ. ಆಯಿ ಇಣುಕಿದಳು. ಕರುಳಿನ ಒಳಗೋಡೆಯ ಪುಟ್ಟ ಗುಲಾಬಿ ಬೆರಳುಗಳು ಸಾಲಾಗಿ ಕಂಡವು.

"ಎಷ್ಟು ಚೊಲೋ ಇದ್ದು! ಸೀರೆ ಅಂಚಿನಾಂಗೆ! ಇದು ನೋಡಲೇ ತಂದದ್ದು ಹೌದು."

ನನಗೆ ಆಗಲೇ ತಂಬುಳಿಯ ವಾಸನೆ ಬಂತು. ಅದೇ ಹುರುಪಿನಲ್ಲಿ ವಿವರಿಸತೊಡಗಿದೆ. "ಮೊದಲು ಉಪ್ಪುನೀರಲ್ಲಿ ಒಂದ್ಸಲ ತೊಳೆಯದು, ಆಮೇಲೆ…"

ಮಾವನಿಗೆ ತಡೆಯಲಾಗಲಿಲ್ಲ. "ಉಪ್ಪುನೀರು ಸಾಕಾಗ್ತಿಲ್ಲೆ ತಮಾ! ಒಳಮೈ ಹೊರಗೆ ಮಗುಚಿ, ಅರಿಶಿನ ಹಚ್ಚಿ, ಬಿಸಿನೀರಲ್ಲಿ ಚೆನ್ನಾಗಿ ತಿಕ್ಕವು. ಇಲ್ದಿದ್ರೆ ವಾಸನೆ ಹೋಗ್ತಿಲ್ಲೆ!"

ಆಯಿ ನಿಧಾನಕ್ಕೆ ತಲೆ ಎತ್ತಿದಳು. "ಅಣ್ಣಾ, ನಿಂಗೆ ಹ್ಯಾಂಗೆ ಗೊತ್ತಾತು?"

ಮಾವ ನನ್ನನ್ನು ನೋಡಿದ. ನಾನು ಮಾಡಿನ ಹೆಂಚು ನೋಡಿದೆ.

"ಸಂಶೋಧನೆ" ಎಂದ ಮಾವ.

ಆ ಮಧ್ಯಾಹ್ನ ನನ್ನ ಎಲೆ ಒಳಗೆ ಬಿತ್ತು. ಜಗಲಿಯಲ್ಲಿ ಕೂತ ಮಾವನಿಗೆ ತಂಬುಳಿ ಬಡಿಸಿದ್ದು ನಾನೇ.