ಭಾವನ ಬಾಟಲಿ, ನನ್ನ ಚೀಲ

ಜೂನ್ ಎಂಟು. ಮೋಡ ಕವಿದಿದೆ, ಮಳೆಯಿಲ್ಲ; ಫ್ಯಾನಿನ ಗಾಳಿಯೂ ಬಿಸಿ.

ನಾನು ಕುಡಿಯುವುದಿಲ್ಲ. ಅದಕ್ಕೇ ಇರಬೇಕು, ಅಕ್ಕನ ಗಂಡ ತಮ್ಮ ಬಾಟಲಿಗಳನ್ನೆಲ್ಲ ನನ್ನಿಂದಲೇ ತರಿಸಿಕೊಳ್ಳುವುದು. ಮುಂಬಯಿಯ ಕಾಂದಿವಲಿಯಲ್ಲಿ ಹೋಟೆಲು ನಡೆಸುವ ಈ ಭಾವನ ಪ್ರಕಾರ, ಕುಡಿಯದವನ ಚೀಲದಲ್ಲಿ ಬಾಟಲಿ ಭದ್ರ. ಒಂದಾದರೂ ಭದ್ರವಾಗಿ ತಲುಪಿದ್ದು ನನಗೆ ನೆನಪಿಲ್ಲ.

ಒಂದು

ಆಫೀಸಿನವರೊಡನೆ ನಾಸಿಕಕ್ಕೆ ಹೋಗಿದ್ದೆ. ಜೊತೆಯವರು ರುಚಿ ನೋಡಿ ಉಳಿಸಿದ ಮುಕ್ಕಾಲು ಬಾಟಲಿ ವೈನನ್ನೂ ಭಾವ ಬಿಡಲಿಲ್ಲ. ‘ಚೆಲ್ಲಿ ಬರಬೇಡ ಮಾರಾಯ’ ಎಂದು ಫೋನಿನಲ್ಲೇ ಅಪ್ಪಣೆ. ಬೂಚನ್ನು ಕೈಯಿಂದ ಒತ್ತಿ ಚೀಲಕ್ಕೆ ಹಾಕಿದೆ.

ರೈಲಿನಲ್ಲಿ ಮೇಲೆ ನನ್ನ ಚೀಲ, ಕೆಳಗೆ ಭಜನಾ ಮಂಡಳಿ. ಕಲ್ಯಾಣ ದಾಟುವಾಗ ತಾಳ ಹಾಕುತ್ತಿದ್ದ ಒಬ್ಬರ ಬಿಳಿ ಅಂಗಿಯ ಮೇಲೆ ಕೆಂಪು ಹನಿ ಬಿತ್ತು. ಅವರು ಮೇಲೆ ನೋಡಿದರು.

‘ಕೋಕಮ್ ಶರಬತ್ತಾ?’

ಹೌದೆಂದೆ. ಬೆರಳಿಂದ ಒರೆಸಿ ನೆಕ್ಕಿದರು. ದಾದರ್ ಬರುವವರೆಗೂ ಆ ಜಾಗ ಬಿಟ್ಟು ಏಳಲಿಲ್ಲ.

ಎರಡು

ಈ ಸಲ ಆಫೀಸಿನ ಕೆಲಸಕ್ಕೆ ದುಬೈ. ಭಾನುವಾರ ಭಾವನ ಮಗಳ ಮದುವೆ ಮಾತುಕತೆ. ‘ಹುಡುಗನ ಅಪ್ಪನಿಗೆ ಫಾರಿನ್ ಬಾಟಲಿ ತರಿಸ್ತೇನೆ ಅಂತ ಹೇಳಿ ಆಗಿದೆ. ಇಲ್ಲಿನ ಅಂಗಡಿಯದ್ದು ನಡೆಯುದಿಲ್ಲ, ಅವರು ಲೇಬಲ್ ಓದುವ ಜನ’ ಎಂದರು.

ಕೊಂಡೆ. ಬನಿಯನ್ನುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಮುಂಬಯಿಯಲ್ಲಿ ಇಳಿದರೆ ಪೆಟ್ಟಿಗೆ ಬರಲಿಲ್ಲ. ಯಾರದೋ ಪೆಟ್ಟಿಗೆ ಬೆಲ್ಟಿನ ಮೇಲೆ ಒಂಟಿಯಾಗಿ ಸುತ್ತುತ್ತಿತ್ತು.

ಭಾವನಿಗೆ ಫೋನು ಮಾಡಿದೆ. ‘ಬಂದೆಯಾ?’ ಎಂದರು.

‘ಬಂದೆ. ಪೆಟ್ಟಿಗೆ ಬಂದಿಲ್ಲ.’

‘ಮತ್ತೆ ನೀನೊಬ್ಬನೇ ಯಾಕೆ ಬಂದೆ?’

ಮೂರು

ವಡಾಲದ ನಮ್ಮ ಮನೆಯಲ್ಲಿ ಅತ್ತೆಯೂ ಇದ್ದಾರೆ, ಹೆಂಡತಿಯ ತಾಯಿ. ಕಳೆದುಹೋದದ್ದು ಸಿಗಲಿ ಎಂದು ಕೊರಗಜ್ಜ ದೈವಕ್ಕೆ ಹರಕೆ ಹೇಳುವುದು ನಮ್ಮ ತುಳುನಾಡಿನ ರೂಢಿ. ಸಿಕ್ಕರೆ ಅಜ್ಜನಿಗೆ ಚಕ್ಕುಲಿ, ವೀಳ್ಯ, ಒಂದು ಬಾಟಲಿ. ಅತ್ತೆ ಆ ರಾತ್ರಿಯೇ ಕೈಮುಗಿದರು.

ಶನಿವಾರ ಆಫೀಸಿನಿಂದ ಬಂದಾಗ ವಿಮಾನದವರು ತಂದುಕೊಟ್ಟ ಪೆಟ್ಟಿಗೆ ನಡುಮನೆಯಲ್ಲಿ ತೆರೆದಿತ್ತು. ಬನಿಯನ್ನುಗಳನ್ನು ಮಡಚಿಟ್ಟಾಗಿತ್ತು.

‘ಬಾಟಲಿ ಎಲ್ಲಿ ಅತ್ತೆ?’

‘ಹರಕೆ ತೀರಿಸಿ ಬಂದೆ. ಕಾಲೊನಿ ಹಿಂದೆ ನಮ್ಮೂರಿನವರು ಅಜ್ಜನ ಕಟ್ಟೆ ಕಟ್ಟಿಸಿದ್ದಾರಲ್ಲ, ಅಲ್ಲಿ.’

‘ಅಂಗಡಿಯಿಂದ ಒಂದು ತರುತ್ತಿದ್ದೆನಲ್ಲ. ಅದು ಭಾವನದ್ದು.’

‘ಅಜ್ಜ ಹುಡುಕಿ ಕೊಡದಿದ್ದರೆ ಭಾವನದ್ದು ಎಲ್ಲಿರುತ್ತಿತ್ತು?’

ಕಟ್ಟೆಗೆ ಓಡಿದೆ. ಪೂಜೆ ಮುಗಿದು ಪ್ರಸಾದ ಹಂಚಿಯಾಗಿತ್ತು, ಬಾಟಲಿ ಖಾಲಿ. ಊರಿನವರು ಬಹಳ ಪ್ರೀತಿಯಿಂದ ಮಾತಾಡಿಸಿದರು. ಹರಕೆ ಅಂದರೆ ಹೀಗಿರಬೇಕು, ವರ್ಷಕ್ಕೊಮ್ಮೆಯಾದರೂ ಏನಾದರೂ ಕಳೆದುಕೊಳ್ಳಿ ಎಂದರು.

ಭಾವನಿಗೆ ತಿಳಿಸುವ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ ಅವರದೇ ಫೋನು.

‘ಬೀಗರು ಬಂದು ಕೂತಿದ್ದಾರೆ. ಪೆಟ್ಟಿಗೆ?’

‘ಸಿಕ್ಕಿತು.’

‘ಅಬ್ಬ. ಗೊತ್ತಿತ್ತು ನನಗೆ. ನಾನೂ ಅಜ್ಜನಿಗೆ ಹರಕೆ ಹೇಳಿದ್ದೆ ಮಾರಾಯ. ಕೂಡಲೇ ತೀರಿಸಬೇಕು.’

‘ತೀರಿಸಿ ಆಯಿತು ಭಾವ.’

‘ನನ್ನ ಲೆಕ್ಕದಲ್ಲಾ? ಒಳ್ಳೆಯದಾಯಿತು. ಏನು ಕೊಟ್ಟಿರಿ?’

ಹೇಳಿದೆ.

ಆ ಕಡೆ ಬೀಗರು ನಗುವುದು, ಅಕ್ಕ ಲೋಟ ಜೋಡಿಸುವುದು ಕೇಳುತ್ತಿತ್ತು. ಭಾವ ಬಹಳ ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ಕೇಳಿದರು:

‘ಪೂರಾ?’

‘ಪೂರಾ,’ ಎಂದೆ.